ಕ್ಯಾಸಿನೊದೊಳಗೆ ನಮ್ಮ ಮಾವ

ನಮ್ಮ ಸೋದರಮಾವನಷ್ಟು ಗೋವಾದ ಕ್ಯಾಸಿನೊ ತಿರುಗಿದವರು ಇಡೀ ಬೆಳಗಾವಿಯಲ್ಲಿ ಸಿಗಲಿಕ್ಕಿಲ್ಲ. ಆದರೆ ಅಲ್ಲಿ ಅವರು ಇವತ್ತಿನವರೆಗೆ ಒಂದೇ ಒಂದು ಆಟ ಆಡಿಲ್ಲ! ಟಿಕೆಟ್ ತೆಗೆದು ಒಳಗೆ ಹೋಗುವುದು, ಆಡುವವರ ಬೆನ್ನ ಹಿಂದೆ ನಿಂತು "ಸೋಲ್ತೀರಿ" ಎನ್ನುವುದು, ತಿರುಗಿ ಬರುವುದು. ಇಂಥವರಿಗೆ ಏನನ್ನುತ್ತೀರಿ?

ಅನಗೋಳದ ಅವರ ಮನೆಗೆ ಹೋದರೆ ಚಹಾಕ್ಕಿಂತ ಮೊದಲು ಪಾಠ. ಹುಣಸೆಬೀಜ ನೆಲಕ್ಕೆ ಸುರಿದು ಶುರು ಮಾಡುತ್ತಾರೆ.

"ರೂಲೆಟ್ ಚಕ್ರದಾಗ ಒಂದರಿಂದ ಮೂವತ್ತಾರರ ತನಕ ಅಂಕಿ, ಮ್ಯಾಲೊಂದು ಸೊನ್ನಿ. ಒಟ್ಟು ಮೂವತ್ತೇಳು. ಎಲ್ಲಾದರ ಮ್ಯಾಲೂ ಒಂದೊಂದು ಬೀಜ ಇಡು. ಗೋಲಿ ಎಲ್ಲೆ ಬಿದ್ದರೂ ನೀನ ಗೆದ್ದಿ, ಖರೇ? ಆದರ ಕೈಗೆ ತಿರುಗಿ ಬರೂದು ಮೂವತ್ತಾರ! ಮೋಸ ಇಲ್ಲ, ಮಾಟ ಇಲ್ಲ. ಗೆದ್ದವಗೂ ಒಂದು ಕಡಿಮಿ ಕೊಡ್ತಾರ, ಅಷ್ಟ. ಒಂದ್ ಸುತ್ತು ನೀ ಗೆಲ್ಲಬಹುದು. ಕುಂತಷ್ಟು ಹೊತ್ತೂ ಆ ಸೊನ್ನಿ ತಿಂತಿರ್ತದ. ಕಡೀಕ ಗೆಲ್ಲೂದು ಮನೀನ ತಮ್ಮಾ, ಆಡಸೂ ಮನೀನ!"

ಒಳಗಿನಿಂದ ಅತ್ತೆಯ ದನಿ: "ಮನೀನ ಗೆಲ್ಲತದ ಅಂತ ತಿಳಿಯಾಕ ಗೋವಾಕ ಯಾಕ ಹೋಗಬೇಕು? ನನ್ನ ಕೇಳಿದ್ದರ ಇಲ್ಲೇ ಹೇಳತಿದ್ದೆ!"

ನಕ್ಕರೂ ಅತ್ತೆಗೆ ಸಂಶಯ. ಒಮ್ಮೆ ನನ್ನನ್ನು ಕರೆದು, "ಆಡದವರು ತಿಂಗಳಾ ತಿಂಗಳಾ ಯಾಕ ಹೋಗ್ತಾರೋ? ನೀ ಜೋಡಿ ಹೋಗಿ ನೋಡಿ ಬಾ" ಎಂದರು. ಹೀಗೆ ನಾನು ಗೂಢಚಾರನಾದೆ.

ಬಸ್ಸಿನಲ್ಲಿ ಮಾವನ ಪಕ್ಕ ಕೂತವ ಕ್ಯಾಸಿನೊಗೇ ಹೊರಟವ. ಪಾಠ ಕೇಳುತ್ತ ಕೇಳುತ್ತ ಖಾನಾಪುರದಲ್ಲೇ ಇಳಿದುಬಿಟ್ಟ. ಜ್ಞಾನೋದಯವಾಯಿತೋ, ಕಿವಿ ಉಳಿಸಿಕೊಂಡನೋ, ದೇವರೇ ಬಲ್ಲ!

ಕ್ಯಾಸಿನೊದೊಳಗೆ ಒಬ್ಬ ತರುಣ ಗೆದ್ದು ಕುಣಿಯುತ್ತಿದ್ದ. ಮಾವ ಬಗ್ಗಿ, "ಗೆದ್ದೀಯಲ್ಲ, ಎದ್ದುಬಿಡಪಾ" ಎಂದರು.

"ಕಾಕಾ, ಜರಾ ಬಾಜೂಲಾ ವ್ಹಾ!" ಎಂದು ಅವ ಸಿಡುಕಿದ.

ಮಾವ ಬಾಜೂಕ್ಕೆ ಸರಿದರು. ಸರಿದು, ಅದೇ ಪಾಠವನ್ನು ಮರಾಠಿಯಲ್ಲಿ ಶುರುಮಾಡಿದರು!

ನಗು ತಡೆದುಕೊಂಡು ಅವರ ಮುಖ ನೋಡಿದೆ. ಬಾಯಿ ಲೆಕ್ಕ ಹೇಳುತ್ತಿತ್ತು, ಕಣ್ಣು ಚಕ್ರದ ಮೇಲಿರಲಿಲ್ಲ. ಮೇಜಿನ ಸುತ್ತ ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಮೂಲೆಯಲ್ಲಿ ನರೆಗೂದಲಿನವರೊಬ್ಬರು ಬೆನ್ನು ಬಾಗಿಸಿ ಕೂತಿದ್ದರು. ಮಾವ ಮಾತನ್ನು ಅರ್ಧಕ್ಕೇ ಬಿಟ್ಟು ಹೆಚ್ಚುಕಡಿಮೆ ಓಡಿದರು, ಹೆಗಲ ಮೇಲೆ ಕೈಯಿಟ್ಟರು. ಅವರು ತಿರುಗಿದರು. ಯಾರೋ ಬೇರೆಯವರು.

"ತಪ್ಪ ತಿಳಕೋಬ್ಯಾಡ್ರಿ" ಎಂದ ಮಾವ, ಕೈ ತೆಗೆಯುವುದನ್ನು ಮರೆತು ನಿಂತೇ ಇದ್ದರು.

ಹೊರಗೆ ಹೊಳೆಯ ದಂಡೆಗೆ ಕೂತ ಮೇಲೆ ಹೇಳಿದರು. ಖಾನಾಪುರದ ಸಾಲಿಯಲ್ಲಿ ಜೊತೆಗೆ ಕಲಿತ ಗೆಳೆಯ. ಇಲ್ಲಿ ಮೊದಲು ಗೆದ್ದ, ಆಮೇಲೆ ಎಲ್ಲ ಸೋತ, ಯಾರಿಗೂ ಮುಖ ತೋರಿಸಲಾರದೆ ಊರು ಬಿಟ್ಟ. ಅವನ ಮನೆಯವರೂ ಹುಡುಕುವುದನ್ನು ಬಿಟ್ಟಿದ್ದರು.

"ಚಟ ಇದ್ದಾವ, ಎಂದಾದರೂ ಒಂದಿನ ಇಲ್ಲೇ ಬಂದಾನು. ನನಗ ಕಾಣಲಿಲ್ಲಂದ್ರ ಅವನಾದ್ರೂ ನನ್ನ ದನಿ ಕೇಳಿ ಗುರ್ತು ಹಿಡದಾನು ಅಂತ ಒದರತೀನಿ" ಎಂದರು.

ಅವರನ್ನು ನಗಿಸಲೆಂದು ಕೇಳಿದೆ: "ಸಿಕ್ಕರ ಅವರಿಗೂ ಈ ಲೆಕ್ಕಾ ಹೇಳ್ತೀರೇನು?"

ಮಾವ ತಲೆಯಲ್ಲಾಡಿಸಿದರು.

"ಈ ಲೆಕ್ಕಾ ನನಗ ಕಲಿಸಿದಾವನ ಅವ. ಊಟ ಆತೇನೋ ಅಂತ ಕೇಳ್ತೀನಿ."