ಮಗಳ ಬಾಣಂತನಕ್ಕೆ ನಾನು ಬೆಳೆದ ಸಬ್ಬಸಗಿ

ನಾನು ಕೈ ಹಾಕಿದ ಕೆಲಸ ನೆಟ್ಟಗೆ ಮುಗಿದದ್ದು ಕಡಿಮೆ. ನಾಲ್ಕು ಮಂದಿ ನಕ್ಕ ಮೇಲೆಯೇ ಅದಕ್ಕೊಂದು ದಾರಿ ಸಿಗುವುದು. ಹಾವೇರಿಯಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಇದೇನೂ ಹೊಸದಲ್ಲ. ಈ ಸಲ ಮಾತ್ರ ನನಗೆ ನಗು ಬೇಕಿರಲಿಲ್ಲ. ರಾಣೇಬೆನ್ನೂರಿನ ಮಗಳಿಗೆ ಎರಡನೇ ಹೆರಿಗೆ ಹತ್ತಿರವಾಗಿತ್ತು. ಮೊದಲ ಸಲ ಹಾಲು ಸಾಲದೆ ಅವಳು ಅತ್ತದ್ದನ್ನು ನಾನು ಮರೆತಿಲ್ಲ. ಬಾಣಂತಿ ಸಬ್ಬಸಗಿ ಪಲ್ಯ ತಿಂದರೆ ಹಾಲು ಹೆಚ್ಚುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಸಂತೆಯ ಸೊಪ್ಪು ಬೇಡ, ನಾನೇ ಬೆಳೆಯುತ್ತೇನೆ ಎಂದು ಹಿತ್ತಲಿಗಿಳಿದೆ.

೧. ಇರುವೆಗೆ ಮದ್ದು

ಬಿತ್ತಿದ ಕಾಳನ್ನು ಇರುವೆ ಹೊತ್ತೊಯ್ಯದಂತೆ ಏನು ಮಾಡಲಿ ಎಂದು ಹೆಂಡತಿಯ ತಮ್ಮನನ್ನು ಕೇಳಿದೆ. ಅವನು ಬ್ಯಾಡಗಿಯವನು.

"ಖಾರಪುಡಿ ಕಲಿಸಿ ಬಿತ್ರಿ ಮಾಮಾ. ಇರವಿ ಊರ ಬಿಟ್ಟು ಹೋಗತಾವ" ಎಂದ.

ಬೊಗಸೆ ತುಂಬ ಕಲಸಿ, ಗಾಳಿ ಯಾವ ಕಡೆಯದೆಂದು ನೋಡದೆ ಎರಚಿದೆ. ನಾನು ಸೀನಿದೆ, ಪಕ್ಕದ ಮನೆಯವರೆಲ್ಲ ಸೀನಿದರು, ಅವರ ಎಮ್ಮೆಯೂ ಸೀನಿತು. ಇರುವೆಗಳು ಮಾತ್ರ ಸಾಲು ತಪ್ಪದೆ ಬಂದವು. ಪಕ್ಕದ ಮನೆಯಾಕೆ ಮೂಗು ಒರೆಸಿಕೊಳ್ಳುತ್ತ ಗೋಡೆಯ ಮೇಲಿಂದ ಕೇಳಿದಳು:

"ಮಾಸ್ತರ, ಕಾಳು ಬಿತ್ತಾಕತ್ತೀರೋ, ಒಗ್ಗರಣಿ ಕೊಡಾಕತ್ತೀರೋ?"

೨. ಕಳೆ

ಆದರೂ ಒಂದಷ್ಟು ಮೊಳೆತವು. ಸಬ್ಬಸಗಿಯ ಮೊದಲ ಎಲೆ ಹುಲ್ಲಿನ ಎಳೆಯಂತಿರುತ್ತದೆ ಎಂದು ನನಗೇನು ಗೊತ್ತು? ಭಾನುವಾರ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ಒಂದೂ ಬಿಡದೆ ಕಿತ್ತು ಗುಡ್ಡೆ ಹಾಕಿದೆ. ಹೆಂಡತಿ ಬಂದು ಒಂದೆಳೆ ತೆಗೆದು ಮೂಸಿದಳು.

"ಕಸಾ ಬಿಟ್ಟು ಪಲ್ಯಾ ಕಿತ್ತೀರಲ್ರಿ!"

ಖರೇ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಅವಳು ನನ್ನ ಕೈ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕರೆದೊಯ್ದಳು. ಅಲ್ಲೊಂದು ಸಾಲು ಹಸಿರಾಗಿ ಎದ್ದಿತ್ತು.

"ನೀವು ಖಾರಪುಡಿ ತೂರಿದ ದಿನಾನ ನಾ ಇಲ್ಲಿ ಬೂದಿ ಕಲಿಸಿ ಬಿತ್ತಿದ್ದೆ. ಮೂವತ್ತೆರಡು ವರ್ಷ ಬಾಳ್ವಿ ಮಾಡೇನಿ, ನಿಮ್ಮ ಕೈ ನನಗ ಗೊತ್ತಿಲ್ಲೇನ್ರಿ?"

೩. ಬೀಗರ ಮನೆಯಲ್ಲಿ

ಮೊಮ್ಮಗಳು ಹುಟ್ಟುವ ಹೊತ್ತಿಗೆ ಸೊಪ್ಪು ದಟ್ಟವಾಗಿ ಬೆಳೆದಿತ್ತು. ಹೂ ಬಿಡುವ ಮೊದಲೇ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಇಬ್ಬರೂ ಬಸ್ಸು ಹತ್ತಿದೆವು. "ನಾನೇ ಬೆಳೆದದ್ದು" ಎಂದು ಬೀಗತಿಯ ಕೈಗೆ ಕೊಟ್ಟೆ. ಹೆಂಡತಿ ಒಂದು ಮಾತೂ ಆಡದೆ ಕಿಟಕಿಯ ಹೊರಗೆ ನೋಡಿದಳು. ಆ ಮೌನಕ್ಕೆ ನಾನು ಇವತ್ತಿಗೂ ಋಣಿ.

ಬೀಗತಿ ಹೆಸರುಬೇಳೆ ಹಾಕಿ ಪಲ್ಯ ಮಾಡಲು ಒಲೆ ಹೊತ್ತಿಸಿದರು. ನಾವು ಸಂಜೆಯ ಬಸ್ಸಿಗೆ ಊರಿಗೆ ಮರಳಿದೆವು. ಮರುದಿನ ತಡೆಯಲಾರದೆ ಮಗಳಿಗೆ ಫೋನು ಮಾಡಿದೆ.

"ಪಲ್ಯಾ ತಿಂದೇನವಾ? ಹಾಲು ಬಂತೇನು?"

ಅವಳು ನಗು ತಡೆಯಲಾರದೆ ಹೇಳಿದಳು: "ಎಲ್ಲಿ ಪಲ್ಯಾ ಅಪ್ಪಾ! ನಾ ಕೂಸಿಗೆ ಎಣ್ಣಿ ಹಚ್ಚಿ ಬರೂದ್ರಾಗ ನಿನ್ನ ಅಳಿಯ ನಾಲ್ಕು ರೊಟ್ಟಿ ಕೂಡ ಬೋಗುಣಿನ ಒರಸಿ ತಿಂದು ಕುಂತಿದ್ರು. ಅತ್ತಿ ಕೂಸನ್ನ ಒಯ್ದು ಅವರ ತೊಡಿ ಮ್ಯಾಲೆ ಹಾಕಿ, 'ತಗೋ, ಇನ್ನ ಹಾಲು ನೀನ ಕುಡಸು' ಅಂದ್ರು!"