ನಾಲ್ಕು ಪೈಪು, ಎಂಟು ಕ್ಲಿಪ್ಪು

ಆ ಬೆಳಿಗ್ಗೆ ಶೈಲೂಬೆಕ್‌ನ ವ್ಯಾನಿನಿಂದ ಏಳು ಜನ ಪ್ರಯಾಣಿಕರು ಒಬ್ಬರ ಹಿಂದೊಬ್ಬರು ಇಳಿದುಹೋದದ್ದಕ್ಕೆ ಕಾರಣ, ಬೆರಳುದ್ದದ ಒಂದು ರಬ್ಬರ್ ಪೈಪು. ನಾರಿನ್ ಪಟ್ಟಣದ ಬಸ್‌ನಿಲ್ದಾಣದಲ್ಲಿ ಕೊಚ್‌ಕೋರ್ ಊರಿಗೆ ಹೊರಡಲು ಗಾಡಿ ಚಾಲೂ ಮಾಡಿದ್ದ. ಹಿಂದಿನ ಸೀಟಿನ ಮುದುಕಿ ಪೆಟ್ರೋಲ್ ವಾಸನೆಗೆ ಮೂಗು ಮುಚ್ಚಿಕೊಂಡು, "ಏನಪ್ಪಾ, ಗಾಡೀಲಿ ಕೂರಿಸಿದೀಯೋ, ಸ್ಟೌ ಮೇಲೆ ಕೂರಿಸಿದೀಯೋ?" ಅಂದಳು. ಅಷ್ಟೇ ಸಾಕಾಯಿತು.

ಮನೆಗೆ ತಂದು ಹಿಂಬದಿಯ ಇಂಜಿನ್ ಮುಚ್ಚಳ ಎತ್ತಿದ. ಮೂವತ್ತೈದು ವರ್ಷದ ಜರ್ಮನ್ ಗಾಡಿ. ಇಂಜೆಕ್ಟರುಗಳಿಗೆ ಪೆಟ್ರೋಲ್ ಉಣಿಸುವ ಗಿಡ್ಡ ಪೈಪುಗಳು ನಾಲ್ಕು. ಮೂರು ಬಿರುಕು ಬಿಟ್ಟಿದ್ದವು, ನಾಲ್ಕನೆಯದು ಕಾದ ಇಂಜಿನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ನಾಳೆ ತಂಗಿ ನಿಶ್ಚಿತಾರ್ಥಕ್ಕೆ ನಾನು ಕುದುರೆ ಮೇಲೆ ಹೋಗ್ತೀನಿ," ಅಂದಳು ಹೆಂಡತಿ ಬತ್ಮಾ.

"ಒಂದು ಪೈಪಿಗೆ ಇಷ್ಟೊಂದು ರಾದ್ಧಾಂತನಾ?"

"ಪೈಪು ಒಂದೇ ರೀ. ಸುಟ್ಟುಹೋಗೋರು ಎಂಟು ಜನ."

ಅಷ್ಟರಲ್ಲಿ ಪಕ್ಕದ ಮನೆಯ ಅಸಾನ್‌ಕುಲ್ ಅಜ್ಜ ಬೇಲಿ ದಾಟಿ ಬಂದ. ಇಪ್ಪತ್ತು ವರ್ಷ ಟ್ರಾಕ್ಟರ್ ಓಡಿಸಿದವನು, ಉಳಿದ ಇಪ್ಪತ್ತು ವರ್ಷ ಅದರ ಬಗ್ಗೆ ಮಾತಾಡಿದವನು. "ಸಡಿಲ ಆಗಿದೆ ಅಷ್ಟೆ ತಮ್ಮಾ, ಬಿಗಿ ಮಾಡು," ಎಂದು ತಾನೇ ಸ್ಕ್ರೂಡ್ರೈವರ್ ಹಿಡಿದು ಪೈಪಿನ ತುದಿ ಬಿಗಿಯುವ ಕ್ಲಿಪ್ಪನ್ನು ತಿರುವಿದ. ಕ್ಲಿಪ್ಪಿನ ಹಲ್ಲು ಪೈಪನ್ನು ಚಾಕುವಿನಂತೆ ಕೊಯ್ದಿತು. ಹನಿ ಹೋಗಿ ಧಾರೆಯಾಯಿತು.

"ನೋಡಿದೆಯಾ? ಎಲ್ಲಿ ಹಾಳಾಗಿದೆ ಅಂತ ಗೊತ್ತಾಯ್ತು," ಅಂದ ಅಜ್ಜ.

ಶೈಲೂಬೆಕ್ ಬ್ಯಾಟರಿಯ ತಂತಿ ಬಿಚ್ಚಿಟ್ಟು ಬಜಾರಿಗೆ ನಡೆದ. ಮೊದಲ ಅಂಗಡಿಯವನು ತೋಟಕ್ಕೆ ನೀರು ಬಿಡುವ ಪೈಪು ಕೊಟ್ಟು, "ಪೆಟ್ರೋಲಿಗೂ ಇದೇ," ಎಂದು ಪ್ರಮಾಣ ಮಾಡಿದ. ಎರಡನೆಯವನು ಮೊದಲನೆಯವನನ್ನು ಬೈದು ಅದೇ ಪೈಪು ತೋರಿಸಿದ. ಆರನೆಯ ಅಂಗಡಿಯಲ್ಲಿ, ಒತ್ತಡ ತಡೆಯುವ ದಪ್ಪ ಪೈಪೂ ಅಂಚು ಮಡಚಿದ, ರಬ್ಬರ್ ಕೊಯ್ಯದ ಎಂಟು ಕ್ಲಿಪ್ಪೂ ಸಿಕ್ಕವು.

ವಾಪಸು ಬಂದಾಗ ಅಸಾನ್‌ಕುಲ್ ಅಜ್ಜ ಬತ್ಮಾಳ ಜೊತೆ ಕೂತು ಚಹಾ ಕುಡಿಯುತ್ತಿದ್ದ. ಈಗ ಅವನ ಧೋರಣೆಯೇ ಬದಲಾಗಿತ್ತು. "ಜಿಪುಣತನ ಮಾಡ್ಬೇಡ. ನಾಲ್ಕೂ ಬದಲಾಯಿಸು. ಕ್ಲಿಪ್ಪು ಹುಷಾರು, ಜಾಸ್ತಿ ಬಿಗೀಬೇಡ. ಪೈಪು ಕೂರೋ ಆ ಮೂತಿಗಳನ್ನ ಒರೆಸಿ ಹಾಕು!" ಹೆತ್ತ ಮಗಳ ತಲೆ ಬಾಚಿಸುವವನ ಹಾಗೆ ನಿಂತುಬಿಟ್ಟ. ಶೈಲೂಬೆಕ್‌ಗೆ ಕಣ್ಣು ತುಂಬಿ ಬಂತು. ನೆರೆಹೊರೆ ಅಂದರೆ ಹೀಗಿರಬೇಕು.

ಮೂರು ಪೈಪು ಕೂತವು. ನಾಲ್ಕನೆಯದು ಕೈಯಲ್ಲಿರುವಾಗಲೇ ಅಜ್ಜ ಬ್ಯಾಟರಿ ತಂತಿ ಸಿಕ್ಕಿಸಿ, "ಒಂದ್ಸಲ ನೋಡೇಬಿಡೋಣ," ಎಂದು ಕೀಲಿ ತಿರುಗಿಸಿದ. ಪೆಟ್ರೋಲ್ ಚಿಮ್ಮಿ ಶೈಲೂಬೆಕ್‌ನ ಟೋಪಿ, ಮೀಸೆ, ಅಂಗಿ ಎಲ್ಲ ತೊಯ್ದವು. ಸರಿಯಾಗಿ ಅದೇ ಗಳಿಗೆಗೆ ಎದುರುಮನೆಯ ತುರ್ಸುನಾಯ್, ಒಳಗೆ ಕೆಂಡ ನಿಗಿನಿಗಿ ಉರಿಯುವ ಸಮೋವಾರ್ ಚಹಾ ಹಂಡೆ ಹೊತ್ತುಕೊಂಡು ಬಂದಳು.

"ದಣಿದಿದೀಯ, ಬಿಸಿ ಚಹಾ ತಂದೆ ಕಣಪ್ಪಾ..."

"ಅಕ್ಕಾ, ಅಲ್ಲೇ ನಿಲ್ಲಿ!"

"ನಾಚ್ಕೋಬೇಡ, ಮನೇಲಿ ಇನ್ನೂ ಇದೆ."

ಶೈಲೂಬೆಕ್ ಬೇಲಿ ಹಾರಿದ. ತುರ್ಸುನಾಯ್ ಸಮೋವಾರ್ ಸಮೇತ ಅರ್ಧ ಬೀದಿ ಅವನ ಹಿಂದೆ ಹೋಗಿ, ಇಂಥ ಸಂಕೋಚದ ಗಂಡಸನ್ನು ನೋಡಿಲ್ಲವೆಂದು ಗೊಣಗುತ್ತ ಮರಳಿದಳು.

ಸಂಜೆಗೆ ಕೆಲಸ ಮುಗಿಯಿತು. ಎಂಟೂ ಕ್ಲಿಪ್ಪಿನ ಕೆಳಗೆ ಬಿಳಿ ಕಾಗದ ಒತ್ತಿಟ್ಟು ಇಂಜಿನ್ ಚಾಲೂ ಮಾಡಿದರು. ಹತ್ತು ನಿಮಿಷವಾದರೂ ಕಾಗದ ಒಣಗಿಯೇ ಇತ್ತು. ಅಜ್ಜ ಒಂದೊಂದನ್ನೂ ಮೂಸಿ ನೋಡಿ ತಲೆಯಾಡಿಸಿದ. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಿ ತನ್ನ ಮುಖಕ್ಕೆ ಸರಿಮಾಡಿಕೊಂಡು ಹೊರಟೇಹೋದ.

"ಎಲ್ಲಿಗೆ ಹೋದ ಅಜ್ಜ?" ಅಂದ ಶೈಲೂಬೆಕ್.

"ಅವರ ಗಾಡಿ, ಎಲ್ಲಿಗಾದ್ರೂ ಹೋಗ್ಲಿ," ಅಂದಳು ಬತ್ಮಾ. "ನೀವು ಬಜಾರಿಗೆ ಹೋದಾಗ ಅಜ್ಜನ ಜೊತೆ ಗಾಡಿ ಅದಲು ಬದಲು ಮಾಡ್ಕೊಂಡೆ. ನಮ್ಮದು ನನ್ನ ತವರಿನ ಕುದುರೆ ಮಾರಿ ತಗೊಂಡಿದ್ದು, ಗಾಡಿ ಕಾಗದಪತ್ರ ನನ್ನ ಹೆಸರಲ್ಲಿದೆ, ಸಹಿ ಹಾಕಿದೆ. ಅವರ ಅಳಿಯನ ಹತ್ರ ಇಂಥದ್ದೇ ವ್ಯಾನ್ ಇದೆ. ಅದು ಒಂಚೂರೂ ಪೆಟ್ರೋಲ್ ವಾಸನೆ ಹೊಡೆಯಲ್ವಂತೆ. ನಾಳೆ ಧೈರ್ಯವಾಗಿ ಕೂರ್ತೀನಿ."

ಶೈಲೂಬೆಕ್ ಬೀದಿಗೆ ಓಡಿದ. ಅಷ್ಟರಲ್ಲೇ ಹೊಸ ವ್ಯಾನ್ ಬಂತು, ಟ್ರಾಕ್ಟರಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಅವನ ಗಾಡಿಗಿಂತ ನಾಲ್ಕು ವರ್ಷ ಹಳೆಯದು.

ಬತ್ಮಾ ಹತ್ತಿರ ಹೋಗಿ ಮೂಸಿದಳು. "ನೋಡಿ, ವಾಸನೆ ಇದೆಯಾ?"

ನಿಜಕ್ಕೂ ಇರಲಿಲ್ಲ. ಶೈಲೂಬೆಕ್ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿದ. ಕಡ್ಡಿಗೆ ಧೂಳು ಮಾತ್ರ ಅಂಟಿಕೊಂಡು ಬಂತು. ಒಂದು ಕ್ಯಾನ್ ಪೆಟ್ರೋಲ್ ಸುರಿದು, ಕೀಲಿ ತಿರುಗಿಸಿ, ಹಿಂದೆ ಹೋಗಿ ಬಗ್ಗಿ ನೋಡಿದ. ನಾಲ್ಕೂ ಪೈಪು ಸುರಿಯುತ್ತಿದ್ದವು.

ಬತ್ಮಾ ತಲೆವಸ್ತ್ರದ ತುದಿಯನ್ನು ಮೂಗಿಗೆ ಒತ್ತಿಕೊಂಡಳು.

"ಥೂ! ಇಡೀ ದಿನ ಆ ಹಾಳು ಗಾಡಿ ಜೊತೆ ಇದ್ದು ನಿಮ್ಮ ಮೈಯೆಲ್ಲ ಅದೇ ವಾಸನೆ. ಈ ಹೊಸ ಗಾಡಿಗೂ ಹತ್ತಿಸ್ತೀರ. ಮೊದಲು ಹೋಗಿ ಸ್ನಾನ ಮಾಡಿ."

ಶೈಲೂಬೆಕ್ ಬ್ಯಾಟರಿಯ ತಂತಿ ಬಿಚ್ಚಿಟ್ಟು, ಸೋಪು ಹುಡುಕಿಕೊಂಡು ಒಳಗೆ ಹೋದ.