ಮಾವ ಬರುವುದರೊಳಗೆ ಮನೆ ರಿಪೇರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಕಟ್ಟಿದ ಮನೆಯನ್ನು ಒಂದು ಚಳಿಗಾಲ ದಾಟಿಸಿ ನೋಡು ಅಂತ ನನಗೆ ಯಾರೂ ಹೇಳಲಿಲ್ಲ. ನಂಜನಗೂಡಿನ ನಮ್ಮ ಮನೆಯಲ್ಲಿ ದೀಪಾವಳಿ ಕಳೆದು ಇಬ್ಬನಿ ಶುರುವಾದರೆ ಸಾಕು, ಒಂದಲ್ಲ ಒಂದು ಕೈಕೊಡುತ್ತಲೇ ಇರುತ್ತದೆ.

ಕೈಕೊಟ್ಟರೆ ಕೊಡಲಿ, ನನ್ನ ಚಿಂತೆ ಮಾವನದು. ನಾನು ಟಿ. ನರಸೀಪುರದಲ್ಲಿ ಮೇಷ್ಟ್ರು, ಮಾವ ಅಲ್ಲೇ ಪಕ್ಕದ ಹಳ್ಳಿಯಲ್ಲಿ ಭತ್ತ ಬೆಳೆಯುವವರು. ಗೃಹಪ್ರವೇಶದ ಊಟದ ಪಂಕ್ತಿಯಲ್ಲೇ, "ನಮ್ಮ ಅಳಿಯಂದ್ರು ಮಕ್ಳಿಗೆ ಪಾಠ ಯೋಳ್ಕೊಡ್ತರೆ ಸರಿ. ಮನೆ ನೋಡ್ಕಳದು ಅವ್ರ ಕೈಲಿ ಆಗಾದಲ್ಲ" ಅಂದುಬಿಟ್ಟಿದ್ದರು. ಮೈಯೆಲ್ಲ ಉರಿದಿತ್ತು. ಈ ಸಂಕ್ರಾಂತಿಗೆ ಬರುವವರಿದ್ದರು. ಅವರ ಬಾಯಿಂದಲೇ "ಮನೆ ಚೆನ್ನಾಗಿ ಮಡಗಿದ್ದೀರಿ" ಅನ್ನಿಸಲೇಬೇಕು ಅಂತ ಹಟ ಹಿಡಿದೆ.

ಸೋಲಾರ್

ಮೊದಲು ಮುಷ್ಕರ ಹೂಡಿದ್ದು ಸೋಲಾರ್. ಮೂರು ದಿನ ಬಿಸಿನೀರಿನ ನಲ್ಲಿಯಲ್ಲಿ ಬಂದದ್ದು ಕೊರೆಯುವ ನೀರು. ಮೂರನೇ ದಿನ ನಾನು ಬರೀ ಮುಖ ತೊಳೆದು, ಪೌಡರ್ ಬಳಿದುಕೊಂಡು ಸ್ಕೂಲಿಗೆ ಹೋದೆ. ರಜೆಯ ದಿನ ರಿಪೇರಿಯವನನ್ನು ಕರೆಸಿದೆ. ಮಹಡಿ ಹತ್ತಿದವನು ಅಲ್ಲಿಂದಲೇ ಕೂಗಿದ: "ಸಾ, ಸೋಲಾರ್‌ಗೂ ಚಳಿ ಆಯ್ತದೆ ಅಂತ ಕಂಬ್ಳಿ ಒದ್ಸಿದ್ದೀರಾ?"

ಓಡಿಹೋಗಿ ನೋಡಿದರೆ ಗಾಜಿನ ಕೊಳವೆಗಳ ಮೇಲೆ ಎರಡು ಕಂಬಳಿ, ಒಂದು ರಗ್ಗು. ಅವ್ವ ದಿನಾ ಬಿಸಿಲಿಗೆ ಹರವಿ, ಸಂಜೆ ಮಡಚಿ ಒಳಗಿಡುತ್ತಿದ್ದಳಂತೆ.

"ಅಲ್ಲೇ ಯಾಕವ್ವ ಹಾಕಿದೆ?"

"ನೀನೇ ತಾನೇ ಯೋಳಿದ್ದು, ಮನೇಲಿ ಎಲ್ಲದಕಿಂತ ಬಿಸ್ಲು ಜಾಸ್ತಿ ಬೀಳಾ ಜಾಗ ಅದೇಯ ಅಂತ?"

ಬಾಗಿಲು

ಮಳೆಗಾಲದಲ್ಲಿ ಮುಂಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಬಡಗಿಯ ಪಕ್ಕದಲ್ಲೇ ನಿಂತು ಹೆರೆಸಿದ್ದೆ. ಅವನು "ಸಾಕು ಸಾ" ಅಂದರೂ ಬಿಡದೆ "ಇನ್ನೊಂಚೂರು" ಅಂದಿದ್ದೆ. ಚಳಿಗಾಲದಲ್ಲಿ ಬಾಗಿಲು ಒಣಗಿ ಸೊರಗಿತು. ಬೀದಿನಾಯಿ ಸಂದಿಯಲ್ಲಿ ಮೂಗು ತೂರಿಸಿ ಅವರೆಕಾಳು ಸಾರಿನ ವಾಸನೆ ಹಿಡಿಯುವಷ್ಟು. ಅದೇ ಬಡಗಿಯನ್ನು ಕರೆಸಿ ರೇಗಿದೆ. ಅವನು ನಿಧಾನವಾಗಿ ಎಲೆಅಡಿಕೆ ಉಗಿದು ಬಂದ.

"ಸಾ, ನಂಗೆ ಮರ ಎರೆಯಾಕೆ ಬತ್ತದೆ. ಬೆಳ್ಸಾಕೆ ಬರಾದಿಲ್ಲ."

ಇಲಿ

ಭತ್ತದ ಕೊಯ್ಲು ಮುಗಿದರೆ ಗದ್ದೆಯ ಇಲಿಗಳೆಲ್ಲ ಊರಿಗೆ ವರ್ಗಾವಣೆ ತೆಗೆದುಕೊಳ್ಳುತ್ತವೆ. ಗಣಪನ ವಾಹನ, ಕೊಂದೀಯೆ ಜೋಕೆ ಅಂತ ಅವ್ವನ ಆಜ್ಞೆ. ಬೋನಿಗೆ ಬಿದ್ದದ್ದನ್ನು ಪಕ್ಕದ ಮನೆಯವರ ಕಾಂಪೌಂಡಿನ ಹತ್ತಿರ ಬಿಟ್ಟು ಬರುತ್ತಿದ್ದೆ. ನಾಚಿಕೆಯೇನೂ ಆಗಲಿಲ್ಲ. ಆದರೂ ಎರಡು ದಿನಕ್ಕೆ ಬೋನಿನಲ್ಲಿ ಮತ್ತೊಂದು.

"ಮತ್ತೊಂದಲ್ಲ ರೀ, ಅದೇ" ಅಂತ ಹೆಂಡತಿ. "ಬೇರೆ" ಅಂತ ನಾನು.

ಅಷ್ಟರಲ್ಲಿ ಹಬ್ಬಕ್ಕೆ ಅಂತ ಕರೆಸಿದ್ದ ಪೈಂಟಿನವನು ಮುಂದಿನ ಗೋಡೆಗೆ ನೀಲಿಯ ಒಂದು ಕೋಟು ಹೊಡೆದು, "ಈ ಮಂಜಲ್ಲಿ ಒಣಗಾದಿಲ್ಲ ಸಾ, ನಾಕ್ ದಿನ ಬುಟ್ಟು ಬತ್ತೀನಿ" ಅಂತ ಹೋದವನ ಪತ್ತೆಯೇ ಇರಲಿಲ್ಲ. ಹಳೇ ಸುಣ್ಣ ಅಲ್ಲಲ್ಲಿ ಇಣುಕುತ್ತಿತ್ತು. ಉಳಿದ ಬಣ್ಣಕ್ಕೆ ಕಡ್ಡಿ ಅದ್ದಿ, ವಾದ ಇತ್ಯರ್ಥವಾಗಲಿ ಅಂತ ಇಲಿಯ ಬೆನ್ನಿಗೆ ಬಳಿದು, ಮತ್ತೆ ಅದೇ ಕಾಂಪೌಂಡಿನ ಹತ್ತಿರ ಬಿಟ್ಟು ಬಂದೆ.

ಸಂಕ್ರಾಂತಿಯ ಹಿಂದಿನ ದಿನ ಮಾವ ಬಂದು ಜಗುಲಿಯಲ್ಲಿ ಕಾಫಿಗೆ ಕೂತರು. ಗೋಡೆ ನೋಡಿದರು, ಕಾಫಿ ಹೀರಿದರು. ಗೆದ್ದೆ ಅಂದುಕೊಂಡೆ. ಆಗಲೇ ಹೆಂಡತಿ ಬೋನು ತಂದು ನಮ್ಮೆದುರು ಇಟ್ಟಳು. "ನೋಡಿ, ಅದೇ ಇಲಿ!" ಬೆನ್ನಿನ ಮೇಲೆ ನಮ್ಮ ನೀಲಿ. ನೀಲಿಯ ಮೇಲೆ ಹಸಿರು. ಪಕ್ಕದ ಮನೆಗೆ ಆ ವಾರವಷ್ಟೇ ಹಸಿರು ಬಣ್ಣ ಹೊಡೆಸಿದ್ದರು.

ಪಕ್ಕದ ಮನೆಯವರು ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಕಾಂಪೌಂಡಿನ ಹತ್ತಿರ ನಿಂತು ಕೂಗಿದೆ: "ಏನ್ರೀ, ಇಲಿ ತಂದು ನಮ್ಮನೆಗೆ ಬಿಡ್ತೀರಾ?"

"ನೀಲಿ ಬಣ್ಣ ನೋಡಿ ನಿಮ್ಮನೇದು ಅಂತ ಗೊತ್ತಾಯ್ತು ಮೇಷ್ಟ್ರೇ, ವಾಪಸ್ ತಂದ್ ಬುಟ್ಟೆ. ಇನ್ನೊಬ್ರ ವಸ್ತು ನಮಗ್ಯಾಕೆ?"

"ಮತ್ತೆ ಈ ಹಸಿರು?"

"ಬಂದು ಓಗಿದ್ದಕ್ಕೆ ಒಂದು ಸೀಲ್ ಬ್ಯಾಡ್ವಾ?"

ಮಾವ ಲೋಟ ಕೆಳಗಿಟ್ಟರು. ಬಗ್ಗಿ ಬೋನಿನೊಳಗೆ ನೋಡಿದರು. ಎದ್ದು ಇನ್ನೊಮ್ಮೆ ಗೋಡೆ ನೋಡಿದರು.

"ಅಳಿಯಂದ್ರೇ, ಈ ಮನೇಲಿ ಸರ್ಯಾಗಿ ಎರಡು ಕೋಟ್ ಬಿದ್ದಿರಾದು ಇದೊಂದ್ಕೇ ಕಣ್ರೀ."